ಓಮ್ಸ್ಕಿಗೆ ಅರ್ಧ ಗಳಿಗೆ

ಜನ ಕೆಟ್ಟ ಗಡಿಯಾರ ತರುತ್ತಾರೆ ನನ್ನ ಹತ್ತಿರ,
ಹುಲಿಗೆವ್ವ ತಂದದ್ದು ಚೆನ್ನಾಗಿ ನಡೆಯುವುದನ್ನು.
ಗಂಗಾವತಿ ಬಸ್‌ಸ್ಟ್ಯಾಂಡಿನ ಎದುರು, ಈ ಪೆಟ್ಟಿಗೆ ಅಂಗಡಿಯಲ್ಲಿ
ಮೂವತ್ತೊಂದು ವರ್ಷ ಒಂದೇ ಕಣ್ಣಿಗೆ ಭೂತಗನ್ನಡಿ ಕಚ್ಚಿ
ಹಿಂದೆ ಬಿದ್ದದ್ದನ್ನು ಮುಂದೆ ತಂದಿದ್ದೇನೆ,
ಓಡುವುದಕ್ಕೆ ಲಗಾಮು ಹಾಕಿದ್ದೇನೆ.
ಸರಿ ಇದ್ದದ್ದನ್ನು ತಪ್ಪು ಮಾಡಿಕೊಡು ಅಂದವಳು
ಇವಳೊಬ್ಬಳೇ.

"ಇದರಾಗ ಓಮ್ಸ್ಕ್ ಟೈಮ್ ಇಡ್ರಿ, ಮಕ್ತುಂಸಾಬ್ರ."
ಎಲ್ಲೈತವ್ವಾ ಅದು?
"ರಷ್ಯಾದಾಗ. ಆನೆಗುಂದ್ಯಾಗ ನಾವು ಹೆಣೀತೀವಲ್ಲ
ಬಾಳೆನಾರಿನ ಬುಟ್ಟಿ, ಅಲ್ಲಿ ಗಲೀನಾ ಅಂತ ಒಬ್ಬಾಕಿ ಮಾರತಾಳ.
ಹತ್ತಕ್ಕ ವಿಡಿಯೋದಾಗ ಬರ್ತೀನಿ ಅಂದಿದ್ಲು.
ನಾ ಹತ್ತಕ್ಕ ಇಲಕಲ್ ಸೀರಿ ಉಟಗೊಂಡು ಕುಂತೆ,
ಆಕಿ ಬಂದು, ಕಾದು, ಹೋಗಿಬಿಟ್ಟಿದ್ಲು.
ಸಾಮಾನು ಒಯ್ಯೋ ಕಂಪನಿ ಮಾಸ್ಕೋದಾಗೈತಿ,
ಅವರ ಹತ್ತು ಅಂದ್ರ ನಮಗ ರೊಟ್ಟಿ ಉಣ್ಣೋ ಹೊತ್ತು.
ಎರಡು ಹತ್ತಿನ ನಡುವ ನನ್ನ ಹತ್ತು
ಬಾಗಲ ಸಂದಿನಾಗ ಬೆರಳು ಸಿಕ್ಕಂಗ ಸಿಕ್ಕೈತ್ರಿ."

ಪಕ್ಕದ ಝೆರಾಕ್ಸ್ ಅಂಗಡಿಯ ಶರಣಬಸು ಫೋನು ತಿಕ್ಕಿ ಹೇಳಿದ:
ಆ ದೇಶಕ್ಕೆ ಹನ್ನೊಂದು ಟೈಮು.
ನನ್ನ ಗೋಡೆಯ ಮೇಲೂ ಅಂದು ಅಷ್ಟೇ ಇದ್ದವು,
ರಿಪೇರಿಗೆ ಬಂದವು, ಒಂದರ ಮಾತು ಇನ್ನೊಂದು ಕೇಳದವು.
ಆದರೆ ಅವರ ಹನ್ನೊಂದಕ್ಕೂ ಲೆಕ್ಕ ಇದೆ,
ಎಲ್ಲ ಎಣಿಕೆ ಮಾಸ್ಕೋದಿಂದ.
ಮಾಸ್ಕೋಗೆ ಮೂರು ಕೂಡಿಸು, ಓಮ್ಸ್ಕ್.
ಎರಡೂವರೆ ಕೂಡಿಸು, ಗಂಗಾವತಿ.
ಹಿಂದೆ ಅಲ್ಲಿ ರೈಲು ಯಾವೂರಲ್ಲಿ ನಿಂತರೂ
ಸ್ಟೇಷನ್ನಿನಲ್ಲಿ ಮಾಸ್ಕೋದ ಹೊತ್ತೇ ಇರುತ್ತಿತ್ತಂತೆ;
ಓಮ್ಸ್ಕಿನಲ್ಲಿ ಒಂಬತ್ತರ ಬಿಸಿಲು ಬಿದ್ದ ಪ್ಲಾಟ್‌ಫಾರ್ಮಿನ ಮೇಲೆ
ಗಡಿಯಾರ ಮಾತ್ರ ಆರು ಗಂಟೆಯ ನಿದ್ದೆಗಣ್ಣಲ್ಲಿ.

ಮೂರರಲ್ಲಿ ಎರಡೂವರೆ ಹೋದರೆ ಅರ್ಧ ತಾಸು.
"ಅಷ್ಟೇ ಏನ್ರೀ?" ಎಂದಳು ಹುಲಿಗೆವ್ವ, ಸ್ವಲ್ಪ ಬೇಜಾರಾಗಿ.
ಅಷ್ಟು ದೂರದ ಊರು ಇಷ್ಟು ಹತ್ತಿರ ಇರಬಾರದಿತ್ತು ಎಂಬಂತೆ.
ಮುಳ್ಳು ತಿರುವಿ ಕೊಟ್ಟೆ. ದುಡ್ಡು ತೆಗೆದುಕೊಳ್ಳಲಿಲ್ಲ,
ಸುಳ್ಳು ಹೇಳಿಸಿದ್ದಕ್ಕೆ ಕೂಲಿ ಹೇಗೆ ಕೇಳಲಿ?

ರಾತ್ರಿ ನಿದ್ದೆ ಬರಲಿಲ್ಲ.
ಮರುದಿನ ಶರಣಬಸುವಿನ ಹಳೇ ಅಟ್ಲಾಸು ಇಸಿದುಕೊಂಡು
ಗಂಗಾವತಿಯಿಂದ ನೆಟ್ಟಗೆ ಮೇಲಕ್ಕೆ ದಾರ ಎಳೆದೆ.
ದಿಲ್ಲಿಯ ಎಡಕ್ಕೆ ಹಾಯ್ದು, ಹಿಮದ ಗುಡ್ಡ ಹತ್ತಿ ಇಳಿದು
ಹೋಯಿತು ದಾರ, ಹೋಯಿತು, ಓಮ್ಸ್ಕಿಗೆ ತಾಗಲೇ ಇಲ್ಲ.
ಊರು ಎಡಗಡೆ ಉಳಿದಿತ್ತು. ಪಡುವಣಕ್ಕೆ.
ಅಂದರೆ ಸೂರ್ಯ ಮೊದಲು ಬರುವುದು ನಮ್ಮ ನೆತ್ತಿಗೆ!
ಹನ್ನೆರಡು ನಿಮಿಷ ಬಿಟ್ಟು ಗಲೀನಾಳ ನೆತ್ತಿಗೆ.
ಹಿಂದೆ ಬರುವ ಊರಿನ ಗಡಿಯಾರ
ಅರ್ಧ ತಾಸು ಮುಂದೆ ನಿಂತು ನಗುತ್ತಿದೆ.

ನಗಲಿ, ನಮ್ಮದೇನು ಸಾಚಾವೇ?
ಮಸೀದಿ ಗೋಡೆಯ ನಮಾಜಿನ ಪಟ್ಟಿಗೆ ಮೊದಲಿನಿಂದ ಗೊತ್ತು:
ಈ ಊರಲ್ಲಿ ಸೂರ್ಯ ನೆತ್ತಿಗೇರುವುದು
ಹನ್ನೆರಡಕ್ಕಲ್ಲ, ಹನ್ನೆರಡು ಇಪ್ಪತ್ನಾಲ್ಕರ ಆಸುಪಾಸಿಗೆ.
ಇಪ್ಪತ್ನಾಲ್ಕು ನಿಮಿಷ. ಸರಿಯಾಗಿ ಒಂದು ಗಳಿಗೆ.
ಮೂವತ್ತೊಂದು ವರ್ಷ ಊರಿಗೆಲ್ಲ
ಒಂದು ಗಳಿಗೆಯ ಸುಳ್ಳನ್ನು
ಗ್ಯಾರಂಟಿ ಕೊಟ್ಟು ಕಟ್ಟಿದ್ದೇನೆ.

ಹೋದ ವಾರ ಹುಲಿಗೆವ್ವ ಮತ್ತೆ ಬಂದಳು, ಒಂದು ಬುಟ್ಟಿ ಹಿಡಿದು.
ಗಲೀನಾ ಈಗ ತಪ್ಪದೆ ಸಿಗುತ್ತಾಳಂತೆ.
ತೊಂದರೆ ಬೇರೆ: ಹೆಣೆಯುವ ಹೆಣ್ಣುಮಕ್ಕಳೆಲ್ಲ
ಚಾ ಕುಡಿಯುವುದು ಓಮ್ಸ್ಕ್ ಗಡಿಯಾರಕ್ಕೆ,
ಮನೆಗೆ ಹೊರಡುವುದು ಓಮ್ಸ್ಕ್ ಗಡಿಯಾರಕ್ಕೆ,
ಮುಂಜಾನೆ ಬರುವುದು ಮಾತ್ರ
ನಮ್ಮೂರಿನದಕ್ಕೆ.

ಬುಟ್ಟಿಯಲ್ಲಿ ಈಗ ಸತ್ತ ಸೆಲ್ಲುಗಳನ್ನು ಹಾಕುತ್ತೇನೆ.
ಜೋಹರ್ ಮುಗಿಸಿ ಬಂದು ಅಂಗಡಿಯ ಹಲಗೆ ಎತ್ತುವಾಗ
ಯಾಕೋ ಒಂದು ಸಲ ಬಡಗಣಕ್ಕೆ ನೋಡುತ್ತೇನೆ.
ಅಕ್ಕಿಮಿಲ್ಲಿನ ಹೊಗೆಕೊಳವೆ, ಅದರಾಚೆ ಬರೀ ಬೆಳಕು.
ಮುಟ್ಟಿರಬೇಕು ಇಷ್ಟೊತ್ತಿಗೆ.